ನಾಲ್ಕೂವರೆ ಅಡಿ

ಹದಿನೇಳನೇ ಪ್ರಶ್ನೆಗೆ ಬಂದಾಗಲೆಲ್ಲ
ನನ್ನ ದನಿ ಸ್ವಲ್ಪ ಇಳಿಯುತ್ತದೆ.
ಮನೆಗೆ ಹೆಂಚೋ ತಾರಸಿಯೋ, ಹಸು ಎಷ್ಟು, ಕುರಿ ಎಷ್ಟು,
ಇವನ್ನೆಲ್ಲ ಸೊಪ್ಪಿನ ಬೆಲೆ ಕೇಳಿದ ಹಾಗೆ ಕೇಳಿಬಿಡಬಹುದು.
ಆಮೇಲೆ ಇದು:
ಒಟ್ಟಾರೆಯಾಗಿ ತಾವು ಎಷ್ಟು ಸುಖಿ?
ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ.

ದಿನಕ್ಕೆ ಹನ್ನೆರಡು ಮನೆ, ಮನೆಗೆ ಅರವತ್ತು ರೂಪಾಯಿ.
ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಎರಡು ಇಡ್ಲಿ
ಮೂರು ಗಂಟೆಯವರೆಗೆ ತಡೆಯಬೇಕು.

ಸುಖ ಅಂದರೆ ಯಾವುದು ಎಂದು ಜನ ತಿರುಗಿ ಕೇಳುತ್ತಾರೆ, ನ್ಯಾಯವಾಗಿಯೇ.
ಮದುವೆಯಾಗಿ ತಿಂಗಳಾಗದ ಹುಡುಗಿ
ಆ ಮಾತಿಗೇ ಕೆಂಪಾಗಿ ಒಳಗೆ ಓಡಿದಳು.
ಅವಳತ್ತೆ, "ನೆಮ್ದಿ ಅಂತ ಕೇಳು, ಯೋಳ್ತೀನಿ.
ಸುಕ ಗಿಕ ಎಲ್ಲ ದೊಡ್ಡೋರ್ ಮನೇದು" ಅಂದಳು.
ನೆಮ್ಮದಿ, ಖುಷಿ, ಹಿಗ್ಗು, ಮಠದ ಗೋಡೆಗೆ ಬರೆದ ಆನಂದ.
ಅಚ್ಚಾದ ನಮೂನೆಯಲ್ಲಿ ಒಂದೇ ಪದ, ಒಂದೇ ಚೌಕ.
ಒಬ್ಬ ಮೇಷ್ಟ್ರು ಎಂಟು ಎಂದು,
ಹೆಂಡತಿಯ ಮುಖ ನೋಡಿ ಒಂಬತ್ತು ಮಾಡಿದರು.

ಕಾಲುವೆ ಏರಿಯ ಮೇಲೆ ಸಿಕ್ಕಿದವನು ಚಿಕ್ಕಂಕಯ್ಯ.
ನೀರುಗಂಟಿ. ಅವನಪ್ಪನೂ ನೀರುಗಂಟಿ.
ಹೆಗಲಲ್ಲಿ ಗುದ್ದಲಿ, ಮೊಣಕಾಲವರೆಗೆ ಒಣಗಿದ ಕೆಸರು,
ಬಾಯಿ ತುಂಬ ಎಲೆಅಡಿಕೆ.
ಜಮೀನು ಎಷ್ಟು? ಇಲ್ಲ. ಗುಂಟೆಯೂ? ಇಲ್ಲ.
ಹದಿನೇಳನೆಯದನ್ನು ಕೇಳಿದೆ.

ಆಚೆ ಹೋಗಿ ಉಗುಳಿ ಬಂದು, ತೂಬಿನ ಗೋಡೆ ತೋರಿಸಿದ.
ಬಿಳಿ ಪಟ್ಟಿ, ಅದರ ಮೇಲೆ ಕಪ್ಪಗೆ ಅಡಿಯ ಅಂಕಿಗಳು.
ಮೇಲಿನವಕ್ಕೆ ಪಾಚಿಯೇ ಹತ್ತಿಲ್ಲ.

"ಅತ್ತು ಬಂದ್ರೆ ಏರಿ ಒಡ್ದೋಯ್ತದೆ ಕನವ್ವ.
ಒಂದ್ಸಲ ಬಂದಿತ್ತು, ನಾನಿನ್ನೂ ಉಡ್ಗ,
ನಾಟಿ ಮೇಲೆಲ್ಲಾ ಮೀನು ಓಡಾಡ್ದೊ.
ಎಲ್ಡು ಬಂದ್ರೆ ತೂಬಿನ್ ಬಾಯ್ಗೇ ಅತ್ತಲ್ಲ.
ನಾಕೂವರೆ ಇರ್ಬೇಕು. ನಾಕೂವರೆ ಇದ್ರೆ
ಕಡೇ ಗದ್ದೆಗೂ ಓಯ್ತದೆ."

"ಅದು ನೀರಿನ ಮಾತು. ನಾನು ಕೇಳಿದ್ದು ನಿಮ್ಮನ್ನ."

"ನಾನೂ ಅದ್ನೇ ಯೋಳ್ತಿರೋದು" ಅಂದ,
ಮಗ್ಗಿ ಬಾರದ ಕೂಸನ್ನು ನೋಡುವವನ ಹಾಗೆ ನನ್ನನ್ನು ನೋಡುತ್ತ.

ಆಮೇಲೆ ಕೇಳದೆಯೇ ಹೇಳಿದ. ಸರದಿಯ ರಾತ್ರಿ
ಬ್ಯಾಟರಿ ಆರಿಸಿ, ಕಡೇ ಗದ್ದೆಯ ಬದುವಿನಲ್ಲಿ ಕೂರುವುದು.
ನೀರು ಕಾಣುವುದಿಲ್ಲ.
ಮೊದಲು ಬಿರುಕಿನೊಳಗಿನ ಜೀರುಂಡೆ ಸುಮ್ಮನಾಗುತ್ತದೆ.
ಆಮೇಲೆ ವಾಸನೆ.
ಆಮೇಲೆ ಕೆಚ್ಚಲಿಗೆ ಬಿದ್ದ ಕರುವಿನ ಹಾಗೆ
ನೆಲ ಚಪ್ಪರಿಸುವ ಸದ್ದು.

"ಆ ಗದ್ದೆ ಬೋರಮ್ಮುಂದು. ನನ್ಗೂ ಅವ್ಳ್ಗೂ
ಮಾತಿಲ್ಲ, ಎಂಟೊರ್ಸಾಯ್ತು.
ಆದ್ರೂ ಆ ಸದ್ದು ಕೇಳ್ದಾಗ
ಯಾರ್ ಗದ್ದೆ ಅನ್ನೋದು ಒಸಿ ಒತ್ತು ಮರ್ತೋಯ್ತದೆ.
ಬಾಯಲ್ಲಿರೋ ಎಲೆ ಅಗಿಯೋದೂವೆ."

"ಅದನ್ನ ಎಷ್ಟು ಅಂತ ಬರೀಲಿ?"

"ಅದುಕ್ಕೆ ಅಂಕಿ ಆಕ್ಬ್ಯಾಡ.
ಬೆಳಿಗ್ಗೆ ಮನೆಗೋದ್ರೆ ಸೊಂಟ ನೋವು, ಸೊಸೆ ಬೈಗುಳ.
ಅದುನ್ನೂ ಬರಿ, ಬುಟ್ಬುಡ್ಬ್ಯಾಡ."

ನಮೂನೆಯಲ್ಲಿ ಅರ್ಧಕ್ಕೆ ಜಾಗವಿಲ್ಲ.
ನಾಲ್ಕು ಒತ್ತಿದೆ, ಅಳಿಸಿದೆ, ಐದು ಒತ್ತಿದೆ.
ಒಂದರಲ್ಲಿ ಬೋರಮ್ಮನ ಗದ್ದೆ ಒಣಗಿತು,
ಇನ್ನೊಂದರಲ್ಲಿ ಏರಿಯ ಮಣ್ಣು ಸಡಿಲವಾಯಿತು.
ಕೊನೆಗೆ ಯಾವುದು ಹೋಯಿತೋ
ಈಗ ನನಗೆ ನೆನಪಿಲ್ಲ.

ತರಬೇತಿಯ ದಿನ ನಮಗೂ ಒಂದೊಂದು ಹಾಳೆ ಕೊಟ್ಟಿದ್ದರು.
ಎಲ್ಲ ತುಂಬಿ ಅದೊಂದು ಚೌಕ ಬಿಟ್ಟಿದ್ದೆ.
"ಏನಮ್ಮ, ನಿನ್ನದೇ ನಿನಗೆ ಗೊತ್ತಿಲ್ವಾ?" ಎಂದು
ಮೇಲ್ವಿಚಾರಕರು ನಕ್ಕಿದ್ದರು, ಕೆಟ್ಟ ಮನಸ್ಸಿನಿಂದಲ್ಲ.

ಸಂಜೆಯ ಬಸ್ಸು. ಕಾಲುವೆಯೂ ಸ್ವಲ್ಪ ದೂರ ಜೊತೆಗೆ ಬಂತು,
ಎಷ್ಟು ಅಡಿಯೋ ಕತ್ತಲಲ್ಲಿ ತಿಳಿಯಲಿಲ್ಲ.
ಪಕ್ಕದ ಹೆಂಗಸಿನ ಮಗು, ಯಾರೋ, ಯಾವ ಊರೋ,
ನನ್ನ ಹೆಗಲಿಗೆ ಬಾಯಿ ತೆರೆದು ಮಲಗಿತ್ತು.
ತಾಯಿಗೂ ನಿದ್ದೆ.
ಹೊಳಲು ಸರ್ಕಲ್ ಬಂತು. ಕಂಡಕ್ಟರು ಎರಡು ಸಲ ಕೂಗಿದ.
ನಾನು ಏಳಲಿಲ್ಲ.

ಮುಂದಿನ ಸ್ಟಾಪಿನಿಂದ ನಡೆದುಕೊಂಡು ಬಂದೆ,
ಕಾಲು ಎಳೆಯುತ್ತ,
ಒಂದು ಹೆಗಲು ಒದ್ದೆ.